ಹೋನಸ್ ವ್ಯಾಗ್ನರ್: ನೆಲೆ ಕಂಡುಕೊಂಡ ಆಟಗಾರ

ಹುಟ್ಟಿದ ಮನೆ, ಮೈಯ ಕಟ್ಟು, ಎಳವೆಯಲ್ಲಿ ಕೈಗೆ ಬಂದ ಕೆಲಸ, ಇವುಗಳನ್ನು ನೋಡಿ ಒಬ್ಬ ಬಾಲಕನು ಮುಂದೆ ಏನಾಗುವನೆಂದು ಹೇಳಿಬಿಡುವುದು ಲೋಕರೂಢಿ. ಅಂಥ ಎಣಿಕೆಗಳೆಲ್ಲ ತಲೆಕೆಳಗಾದ ಜೀವನಗಳು ಚರಿತ್ರೆಯಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಕ್ರೀಡೆಯಲ್ಲಿ ಶಾರ್ಟ್‌ಸ್ಟಾಪ್ ಎಂಬ ಸ್ಥಾನಕ್ಕೆ ಇಂದಿಗೂ ಮೇಲ್ಪಂಕ್ತಿಯೆನಿಸಿರುವ ಹೋನಸ್ ವ್ಯಾಗ್ನರನ ಜೀವನವು ಅವುಗಳಲ್ಲೊಂದು. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಕಲ್ಲಿದ್ದಲ ಗಣಿಯಲ್ಲಿ ದುಡಿದ, ಕ್ಷೌರವೃತ್ತಿಯನ್ನು ಕಲಿತ, ಬಿಲ್ಲಿನಂತೆ ಬಾಗಿದ ಕಾಲುಗಳ ಈ ಮನುಷ್ಯನು, ಆಟದ ಮೈದಾನದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಚುರುಕನ್ನು ಬೇಡುವ ಸ್ಥಾನದಲ್ಲಿ ನಿಂತು ಅದ್ವಿತೀಯನಾದನು. ಆ ಸ್ಥಾನವನ್ನು ಸೇರುವುದಕ್ಕೆ ಅವನಿಗೆ ಇಪ್ಪತ್ತೊಂಬತ್ತು ವರ್ಷಗಳು ಬೇಕಾದುವು. ಸೇರಿದ ಮೊದಲ ವರ್ಷದಲ್ಲಿಯೇ ಸಹಸ್ರಾರು ಜನರೆದುರಿಗೆ ಅವನು ಸೋತು ತಲೆತಗ್ಗಿಸಿದನು. ಆ ಸೋಲಿನಿಂದ ಮೇಲೆದ್ದ ಬಗೆಯಲ್ಲಿಯೇ ಅವನ ಹಿರಿಮೆಯು ಅಡಗಿದೆ.

ಬೇಸ್‌ಬಾಲ್ ಆಟದ ಪರಿಚಯವು ಕ್ರಿಕೆಟ್ಟನ್ನು ಬಲ್ಲ ವಾಚಕರಿಗೆ ಕಷ್ಟವಾಗಲಾರದು. ಒಂದೊಂದು ತಂಡದಲ್ಲಿ ಒಂಬತ್ತು ಜನ ಆಟಗಾರರು. ಮೈದಾನದ ಒಂದು ಮೂಲೆಯಲ್ಲಿ ದಾಂಡಿಗನು ನಿಲ್ಲುತ್ತಾನೆ. ಅವನು ನಿಂತ ಮೂಲೆಯೂ ಸೇರಿ ಚೌಕಾಕಾರವಾಗಿ ನಾಲ್ಕು ನೆಲೆಗಳಿರುತ್ತವೆ. ಇವಕ್ಕೆ ಬೇಸ್ ಎಂದು ಹೆಸರು. ಒಂದು ನೆಲೆಯಿಂದ ಮುಂದಿನ ನೆಲೆಗೆ 90 ಅಡಿಗಳ ದೂರ. ಎಸೆಗಾರನು ಎಸೆದ ಚೆಂಡನ್ನು ಹೊಡೆದ ದಾಂಡಿಗನು ಬಲಗಡೆಯ ಮೊದಲ ನೆಲೆಗೆ ಓಡಬೇಕು. ಅವನು ತಲಪುವುದಕ್ಕೆ ಮುಂಚೆ ಎದುರಾಳಿಗಳು ಚೆಂಡನ್ನು ಅಲ್ಲಿಗೆ ತಲಪಿಸಿದರೆ ಅವನು ಔಟ್. ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ಓಟ. ನೆಲೆಯಲ್ಲಿ ನಿಂತವನು ಎಸೆಗಾರನ ಕಣ್ಣು ತಪ್ಪಿಸಿ ಮುಂದಿನ ನೆಲೆಗೆ ನುಗ್ಗುವುದೂ ಉಂಟು. ಇದನ್ನು ನೆಲೆಯನ್ನು ಕದಿಯುವುದು ಎನ್ನುತ್ತಾರೆ.

ಎರಡನೆಯ ನೆಲೆಗೂ ಮೂರನೆಯ ನೆಲೆಗೂ ನಡುವೆ ಕಾವಲು ನಿಲ್ಲುವವನೇ ಶಾರ್ಟ್‌ಸ್ಟಾಪ್. ಬಲಗೈಯ ದಾಂಡಿಗರೇ ಹೆಚ್ಚಾಗಿರುವುದರಿಂದ ನೆಲಕ್ಕೆ ಬಡಿದು ನುಗ್ಗುವ ಹೊಡೆತಗಳು ಅವನ ಕಡೆಗೇ ಅಧಿಕವಾಗಿ ಬರುತ್ತವೆ. ಬಂದ ಚೆಂಡನ್ನು ಬಗ್ಗಿ ಹಿಡಿದು, ತಿರುಗಿ, ಮೈದಾನದ ಆಚೆಯ ಬದಿಯಲ್ಲಿರುವ ಮೊದಲ ನೆಲೆಗೆ ಅವನು ಎಸೆಯಬೇಕು. ಓಟಗಾರನು ನಾಲ್ಕು ಸೆಕೆಂಡುಗಳ ಆಸುಪಾಸಿನಲ್ಲಿ ಅಲ್ಲಿಗೆ ತಲಪುವನು. ಅಷ್ಟರೊಳಗೆ ಈ ಕೆಲಸವೆಲ್ಲ ಮುಗಿಯಬೇಕು. ಎರಡನೆಯ ನೆಲೆಯ ರಕ್ಷಣೆಯಲ್ಲಿ ಅವನಿಗೆ ಪಾಲುಂಟು. ದೂರದ ಮೈದಾನದಿಂದ ಬರುವ ಚೆಂಡನ್ನು ನಡುವೆ ನಿಂತು ಸಾಗಿಸುವ ಭಾರವೂ ಉಂಟು. ಕಣ್ಣು, ಕಾಲು, ತೋಳು, ಬುದ್ಧಿ ನಾಲ್ಕೂ ಒಮ್ಮೆಗೇ ಎಚ್ಚತ್ತಿರದಿದ್ದರೆ ಈ ಸ್ಥಾನದಲ್ಲಿ ಒಂದು ದಿನವೂ ನಿಲ್ಲಲಾಗದು.

ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ ಕಾರ್ನೆಗೀ ಎಂಬ ಊರಿದೆ. ಇಂದು ಆ ಹೆಸರನ್ನು ಹೊತ್ತಿರುವ ಪ್ರದೇಶದಲ್ಲಿ 1874ನೆಯ ಇಸವಿ ಫೆಬ್ರವರಿ 24ರಂದು ವ್ಯಾಗ್ನರನು ಜನಿಸಿದನು. ತಂದೆ ಪೀಟರ್, ತಾಯಿ ಕ್ಯಾಥರೀನ್. ಇಬ್ಬರೂ ಜರ್ಮನಿಯಿಂದ ವಲಸೆ ಬಂದವರು. ಮಗನಿಗೆ ಇಟ್ಟ ಹೆಸರು ಯೊಹಾನ್ನೆಸ್ ಪೀಟರ್. ಜರ್ಮನ್ ಮನೆಮಾತಿನಲ್ಲಿ ಅದು ಹಾನ್ಸ್ ಎಂದೂ ಹೋನಸ್ ಎಂದೂ ಮೊಟಕಾಯಿತು. ಜರ್ಮನರನ್ನು ಡಚ್ಚರೆಂದು ಕರೆಯುವ ವಾಡಿಕೆ ಅಮೆರಿಕಾದಲ್ಲಿದ್ದುದರಿಂದ, ಮುಂದೆ ಅವನ ಓಟದ ವೇಗವನ್ನು ಕಂಡ ಜನ ಅವನಿಗೆ ಹಾರುವ ಡಚ್ಚನೆಂಬ ಬಿರುದನ್ನು ಕೊಟ್ಟರು.

ಪಿಟ್ಸ್‌ಬರ್ಗಿನ ಸುತ್ತಣ ನಾಡು ಆ ಕಾಲದಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ನಾಡು. ಬಡವರ ಮನೆಯ ಗಂಡುಮಕ್ಕಳಿಗೆ ಶಾಲೆಯ ಬಾಗಿಲು ಬೇಗ ಮುಚ್ಚಿ ಗಣಿಯ ಬಾಯಿ ಬೇಗ ತೆರೆಯುತ್ತಿದ್ದಿತು. ಹನ್ನೆರಡು ವರ್ಷದ ಹೋನಸನು ತಂದೆಯ ಮತ್ತು ಸೋದರರ ಜೊತೆಗೆ ಗಣಿಗೆ ಇಳಿದನು. ನೆಲದಡಿಯ ಕತ್ತಲೆಯಲ್ಲಿ ಸಲಿಕೆ ಹಿಡಿದು ಕಲ್ಲಿದ್ದಲನ್ನು ತುಂಬುವ ಕೆಲಸ ಅವನದಾಯಿತು. ಅವನ ಅಗಲವಾದ ಹೆಗಲಿಗೂ ಉದ್ದವಾದ ತೋಳುಗಳಿಗೂ ಆ ದುಡಿಮೆಯೇ ಗರಡಿಯಾಯಿತು. ಬಿಡುವು ದೊರೆತಾಗ ಸೋದರರೆಲ್ಲ ಕೂಡಿ ಊರ ಬಯಲಿನಲ್ಲಿ ಚೆಂಡಾಟವಾಡುತ್ತಿದ್ದರು. ಯಾವ ಸ್ಥಾನದಲ್ಲಿ ಆಳು ಕಡಮೆಯೋ ಆ ಸ್ಥಾನದಲ್ಲಿ ಕಿರಿಯವನು ನಿಲ್ಲಬೇಕಾಗುತ್ತಿದ್ದಿತು. ಹೀಗೆ ಎಲ್ಲ ಕಡೆಯ ಆಟವೂ ಅವನ ಕೈಗೆ ಬಂದಿತು. ಹೊಟ್ಟೆಪಾಡಿಗಾಗಿ ಅವನು ಸೋದರನೊಬ್ಬನ ಅಂಗಡಿಯಲ್ಲಿ ಕ್ಷೌರವೃತ್ತಿಯನ್ನೂ ಕಲಿತನು. ಅದರಲ್ಲಿ ಅವನ ಮನಸ್ಸು ನಿಂತಂತೆ ಕಾಣುವುದಿಲ್ಲ.

ಮನೆಯಲ್ಲಿ ಆಟಗಾರನೆಂದು ಹೆಸರು ಪಡೆದಿದ್ದವನು ಅಣ್ಣ ಆಲ್ಬರ್ಟ್. 1895ರಲ್ಲಿ ಅವನು ಓಹಾಯೊ ಸಂಸ್ಥಾನದ ಸ್ಟೂಬೆನ್‌ವಿಲ್ ಊರಿನ ತಂಡದಲ್ಲಿದ್ದನು. ತಂಡಕ್ಕೆ ಒಬ್ಬ ಆಟಗಾರನು ಬೇಕಾದಾಗ ಅವನು ತಮ್ಮನನ್ನು ಕರೆಸಿಕೊಳ್ಳಲು ಹೇಳಿದನು. ಇಪ್ಪತ್ತೊಂದು ವರ್ಷದ ತಮ್ಮನ ವೃತ್ತಿಜೀವನವು ಆರಂಭವಾದುದು ಹೀಗೆ, ಅಣ್ಣನ ಮಾತಿನಿಂದ. ಮುಂದೆ ಆಲ್ಬರ್ಟನು 1898ರ ಒಂದು ವರ್ಷ ಮಾತ್ರ ಪ್ರಮುಖ ಲೀಗಿನಲ್ಲಿ ಆಡಿ ಮರೆಯಾದನು. ಆ ಮೊದಲ ವರ್ಷದಲ್ಲಿ ಹೋನಸನಿಗೆ ನಿಂತ ನೆಲವೇ ಇರಲಿಲ್ಲ. ಮೂರು ಲೀಗುಗಳ ಐದು ತಂಡಗಳಲ್ಲಿ ಅವನು ಊರಿಂದೂರಿಗೆ ಅಲೆಯುತ್ತ ಸುಮಾರು 80 ಪಂದ್ಯಗಳನ್ನಾಡಿದನು. ಒಂದೆಡೆ ಹಣವಿಲ್ಲದೆ ಲೀಗು ಮುಚ್ಚಿದರೆ ಇನ್ನೊಂದೆಡೆಗೆ ಹೋಗಬೇಕಾದ ದಿನಗಳವು.

ಈ ಅಲೆದಾಟದ ನಡುವೆ ಅವನನ್ನು ಗುರುತಿಸಿದವನು ಎಡ್ವರ್ಡ್ ಬ್ಯಾರೊ. 1896ರಲ್ಲಿ ಬ್ಯಾರೊ ನ್ಯೂ ಜೆರ್ಸಿಯ ಪ್ಯಾಟರ್ಸನ್ ತಂಡಕ್ಕೆ ಅವನನ್ನು ತೆಗೆದುಕೊಂಡನು. ಇದಕ್ಕೆ ಸಂಬಂಧಿಸಿದ ಒಂದು ಕಥೆಯುಂಟು. ಬ್ಯಾರೊ ಅವನನ್ನು ಹುಡುಕಿಕೊಂಡು ಹೋದಾಗ ವ್ಯಾಗ್ನರನು ರೈಲುಹಳಿಗಳ ಪಕ್ಕದಲ್ಲಿ ಗೆಳೆಯರೊಡನೆ ಕಲ್ಲಿದ್ದಲ ಗಟ್ಟಿಗಳನ್ನು ದೂರದೂರಕ್ಕೆ ಎಸೆಯುತ್ತಿದ್ದನಂತೆ. ಆ ತೋಳಿನ ಕಸುವನ್ನು ನೋಡಿದೊಡನೆ ಬ್ಯಾರೊ ಬೇರೆ ಪರೀಕ್ಷೆ ಬೇಡವೆಂದು ನಿಶ್ಚಯಿಸಿದನಂತೆ. ಕಥೆಯು ಬೆಳೆದುಬಂದಿರಬಹುದು. ಆದರೆ ಬ್ಯಾರೊನ ಕಣ್ಣು ಸಾಮಾನ್ಯವಾದುದಲ್ಲ. ಮುಂದೆ ಬಾಸ್ಟನ್ ತಂಡದಲ್ಲಿ ಎಸೆಗಾರನಾಗಿದ್ದ ಬೇಬ್ ರೂತನನ್ನು ದಿನವೂ ದಾಂಡು ಹಿಡಿಯುವ ಆಟಗಾರನನ್ನಾಗಿ ಬದಲಿಸಿದವನೂ ಅವನೇ. ರೂತನ ವೈಭವವನ್ನೆಲ್ಲ ಕಣ್ಣಾರೆ ಕಂಡಿದ್ದ ಆತನು, ಸರ್ವಾಂಗೀಣ ಆಟಗಾರರಲ್ಲಿ ಅಗ್ರಸ್ಥಾನವನ್ನು ವ್ಯಾಗ್ನರನಿಗೇ ಮೀಸಲಿಟ್ಟಿದ್ದನು.

1897ರ ಜುಲೈ 19ರಂದು ವ್ಯಾಗ್ನರನು ಕೆಂಟಕಿ ಸಂಸ್ಥಾನದ ಲೂಯಿವಿಲ್ ತಂಡದ ಪರವಾಗಿ ನ್ಯಾಷನಲ್ ಲೀಗಿನಲ್ಲಿ ಮೊದಲ ಪಂದ್ಯವನ್ನಾಡಿದನು. ನೋಡಿದವರಿಗೆ ಅವನು ಆಟಗಾರನಂತೆ ತೋರಲಿಲ್ಲ. 5 ಅಡಿ 11 ಅಂಗುಲಗಳ ಎತ್ತರ, ಸುಮಾರು 200 ಪೌಂಡುಗಳ ತೂಕ, ಪೀಪಾಯಿಯಂಥ ಎದೆ, ಮೊಣಕಾಲಿನತ್ತ ಇಳಿಬಿದ್ದ ತೋಳುಗಳು, ಮೊರದಂಥ ಅಂಗೈಗಳು, ಇಷ್ಟೆಲ್ಲವನ್ನೂ ಹೊತ್ತ ಸೊಟ್ಟಕಾಲುಗಳು. ನಿಂತಾಗ ನಗೆ ಬರಿಸುವ ಈ ದೇಹವು ಓಡತೊಡಗಿದರೆ ಮಾತ್ರ ನಗುವವರು ಸುಮ್ಮನಾಗುತ್ತಿದ್ದರು. ದಾಂಡು ಹಿಡಿದಾಗ ಎರಡು ಕೈಗಳ ನಡುವೆ ಕೆಲವು ಅಂಗುಲಗಳ ಅಂತರವನ್ನು ಬಿಟ್ಟು ಹಿಡಿಯುವುದು ಅವನ ಕ್ರಮ. ಲೂಯಿವಿಲ್ಲಿನಲ್ಲಿ ಅವನನ್ನು ಒಂದು ದಿನ ದೂರದ ಮೈದಾನದಲ್ಲಿ, ಇನ್ನೊಂದು ದಿನ ಮೊದಲ ನೆಲೆಯಲ್ಲಿ, ಮತ್ತೊಂದು ದಿನ ಮೂರನೆಯ ನೆಲೆಯಲ್ಲಿ ನಿಲ್ಲಿಸುತ್ತಿದ್ದರು. ಅವನಿಗೆ ಇಂಥದೇ ಸ್ಥಾನವೆಂಬುದು ಇರಲಿಲ್ಲ. ಅವನು ಕೇಳಿದವನೂ ಅಲ್ಲ.

1899ರ ಋತು ಮುಗಿದ ಮೇಲೆ ನ್ಯಾಷನಲ್ ಲೀಗು ಹನ್ನೆರಡು ತಂಡಗಳಿಂದ ಎಂಟಕ್ಕೆ ಇಳಿಯಿತು. ಲೂಯಿವಿಲ್ ತಂಡವು ಇಲ್ಲವಾಯಿತು. ಅದರ ಒಡೆಯನಾದ ಬಾರ್ನಿ ಡ್ರೈಫಸನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲಿ ಪಾಲು ಕೊಂಡು ತನ್ನ ಉತ್ತಮ ಆಟಗಾರರನ್ನು ಅಲ್ಲಿಗೆ ಕರೆದೊಯ್ದನು. ಹೀಗೆ ವ್ಯಾಗ್ನರನು ತನ್ನ ಹುಟ್ಟೂರಿನ ಮಗ್ಗುಲಿಗೇ ಮರಳಿದನು. ಮರಳಿದ ವರ್ಷವೇ, 1900ರಲ್ಲಿ, ಲೀಗಿನ ದಾಂಡಿಗರೆಲ್ಲರಲ್ಲಿ ಮೊದಲಿಗನಾದನು. ಈ ಆಟದಲ್ಲಿ ದಾಂಡಿಗನ ಯಶಸ್ಸನ್ನು ಅವಕಾಶಗಳು ಸಾವಿರವಾದರೆ ಫಲಿಸಿದ ಹೊಡೆತಗಳೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಾವಿರಕ್ಕೆ ಮುನ್ನೂರು ಬಂದರೆ ಅವನು ಉತ್ತಮ ದಾಂಡಿಗ. ವ್ಯಾಗ್ನರನ ಆ ವರ್ಷದ ಲೆಕ್ಕವು ಸಾವಿರಕ್ಕೆ 381. ಅವನ ಜೀವಮಾನದಲ್ಲಿ ಅದೇ ಅತ್ಯುಚ್ಚವಾದುದು.

ಮರುವರ್ಷ ಅಮೆರಿಕನ್ ಲೀಗೆಂಬ ಹೊಸ ಪ್ರತಿಸ್ಪರ್ಧಿಯು ತಲೆಯೆತ್ತಿ, ಹೆಚ್ಚಿನ ಸಂಬಳದ ಆಸೆ ತೋರಿಸಿ ಹಳೆಯ ಲೀಗಿನ ಆಟಗಾರರನ್ನು ಸೆಳೆಯತೊಡಗಿತು. ವ್ಯಾಗ್ನರನಿಗೆ ಇಪ್ಪತ್ತು ಸಾವಿರ ಡಾಲರುಗಳನ್ನು ಒಡ್ಡಿದ್ದರೆಂದು ಪ್ರತೀತಿಯಿದೆ. ಅವನು ಪಿಟ್ಸ್‌ಬರ್ಗನ್ನು ಬಿಡಲಿಲ್ಲ. ಆದರೆ ಆ ಲೀಗಿನ ಉಪಟಳವೇ ಅವನಿಗೆ ಅವನ ಸ್ಥಾನವನ್ನು ಒದಗಿಸಿತೆಂಬುದು ಸ್ವಾರಸ್ಯ. ಪೈರೇಟ್ಸ್ ತಂಡದ ಶಾರ್ಟ್‌ಸ್ಟಾಪ್ ಆಗಿದ್ದ ಬೋನ್ಸ್ ಈಲಿಯು ಹೊಸ ಲೀಗಿನವರ ಪರವಾಗಿ ಒಳಗೊಳಗೇ ಕೆಲಸ ಮಾಡುತ್ತಿರುವನೆಂಬ ಸಂಶಯದಿಂದ ಡ್ರೈಫಸನು 1901ರ ನಡುಋತುವಿನಲ್ಲಿ ಅವನನ್ನು ಕಳುಹಿಸಿಬಿಟ್ಟನು. ತೆರವಾದ ಜಾಗದಲ್ಲಿ ನಿಲ್ಲುವಂತೆ ತಂಡದ ನಾಯಕನೂ ವ್ಯವಸ್ಥಾಪಕನೂ ಆದ ಫ್ರೆಡ್ ಕ್ಲಾರ್ಕನು ವ್ಯಾಗ್ನರನನ್ನು ಕೇಳಿದನು. ಅವನು ಹಿಂಜರಿಕೆಯಿಂದಲೇ ಒಪ್ಪಿದನು. ಮುಂದಿನ ವರ್ಷವೂ ಆ ಸ್ಥಾನ ಈ ಸ್ಥಾನಗಳಲ್ಲಿ ತಿರುಗಾಡಿ, 1903ರಲ್ಲಿ ಶಾಶ್ವತವಾಗಿ ಶಾರ್ಟ್‌ಸ್ಟಾಪ್ ಆಗಿ ನೆಲೆಗೊಂಡನು.

ಅದುವರೆಗಿನ ಅಲೆದಾಟವೆಲ್ಲ ಈಗ ಫಲಕ್ಕೆ ಬಂದಿತು. ಉಳಿದ ಸ್ಥಾನಗಳಲ್ಲಿ ಸ್ವತಃ ನಿಂತು ಅನುಭವಿಸಿದ್ದ ಅವನಿಗೆ, ಯಾವ ಚೆಂಡು ಎತ್ತ ಬರುವುದು, ಹಿಡಿದ ಚೆಂಡಿಗಾಗಿ ಯಾರು ಎಲ್ಲಿ ಕಾದಿರುವರು ಎಂಬುದು ಯೋಚಿಸದೆಯೇ ಹೊಳೆಯುತ್ತಿದ್ದಿತು. ಆಗಿನ ಮೈದಾನಗಳು ಉಬ್ಬುತಗ್ಗಿನವು, ಕೈಗವುಸುಗಳು ಚಿಕ್ಕವು. ವ್ಯಾಗ್ನರನು ತನ್ನ ಹೆಗ್ಗೈಯಿಂದ ಚೆಂಡನ್ನು ಸಲಿಕೆಯಲ್ಲಿ ತೋಡಿದಂತೆ ಎತ್ತುತ್ತಿದ್ದನು. ಚೆಂಡಿನ ಜೊತೆಗೆ ಮಣ್ಣೂ ಹರಳೂ ಹಾರಿಹೋಗಿ ಮೊದಲ ನೆಲೆಯವನ ಮೇಲೆ ಬೀಳುತ್ತಿದ್ದುವೆಂದು ಜೊತೆಗಾರರು ನೆನೆಯುತ್ತಿದ್ದರು. ಗಣಿಯಲ್ಲಿ ಸಲಿಕೆ ಹಿಡಿದ ಬಾಲಕನ ಕೈಯೇ ಅದು.

ಅದೇ 1903ರಲ್ಲಿ ಎರಡು ಲೀಗುಗಳಿಗೂ ಸಂಧಿಯಾಗಿ, ಅವುಗಳ ವಿಜೇತ ತಂಡಗಳು ಪರಸ್ಪರ ಸೆಣಸುವ ವರ್ಲ್ಡ್ ಸೀರೀಸ್ ಎಂಬ ಪಂದ್ಯಮಾಲೆಯು ಮೊದಲ ಬಾರಿಗೆ ನಡೆಯಿತು. ಪಿಟ್ಸ್‌ಬರ್ಗಿಗೆ ಎದುರಾಳಿ ಬಾಸ್ಟನ್. ಐದು ಪಂದ್ಯಗಳನ್ನು ಮೊದಲು ಗೆದ್ದವರಿಗೆ ಜಯ. ಆ ವರ್ಷವೂ ಲೀಗಿನ ಮೊದಲ ದಾಂಡಿಗನಾಗಿದ್ದ ವ್ಯಾಗ್ನರನ ಮೇಲೆ ಎಲ್ಲರ ಕಣ್ಣು. ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರನ್ನು ಪಿಟ್ಸ್‌ಬರ್ಗೇ ಗೆದ್ದಿತು. ಅನಂತರ ಎಲ್ಲವೂ ತಲೆಕೆಳಗಾಯಿತು. ತಂಡದ ಮುಖ್ಯ ಎಸೆಗಾರರಲ್ಲಿ ಒಬ್ಬನು ಭುಜದ ನೋವಿನಿಂದ ಕುಗ್ಗಿದ್ದನು; ಇನ್ನೊಬ್ಬನು ಮನೋವ್ಯಾಧಿಯಿಂದ ತಂಡವನ್ನೇ ಬಿಟ್ಟಿದ್ದನು. ವ್ಯಾಗ್ನರನ ಕಾಲಿಗೂ ಪೆಟ್ಟಾಗಿದ್ದಿತು. ಬಾಸ್ಟನ್ನಿನ ಅಭಿಮಾನಿಗಳು ಜನಪ್ರಿಯವಾದ ಹಾಡೊಂದಕ್ಕೆ ಅವನ ಹೆಸರನ್ನು ಸೇರಿಸಿ ಅಣಕದ ಮಾತುಗಳನ್ನು ಕಟ್ಟಿ, ಅವನು ದಾಂಡು ಹಿಡಿದು ಬಂದಾಗಲೆಲ್ಲ ಒಕ್ಕೊರಲಿನಿಂದ ಹಾಡಿದರು. ಪಿಟ್ಸ್‌ಬರ್ಗ್ ತಂಡವು ಸತತವಾಗಿ ನಾಲ್ಕು ಪಂದ್ಯಗಳನ್ನು ಸೋತಿತು. ವ್ಯಾಗ್ನರನ ದಾಂಡಿನ ಲೆಕ್ಕ ಸಾವಿರಕ್ಕೆ 222ಕ್ಕೆ ಇಳಿಯಿತು. ಹೊಸ ಸ್ಥಾನದಲ್ಲಿ ನಿಂತು ಅವನು ಆರು ತಪ್ಪುಗಳನ್ನು ಮಾಡಿದನು. ಅಕ್ಟೋಬರ್ 13ರಂದು ನಡೆದ ಕೊನೆಯ ಪಂದ್ಯದ ಕೊನೆಯ ದಾಂಡಿಗನೂ ಅವನೇ ಆದನು. ಬಿಲ್ ಡಿನೀನನ ಎಸೆತಕ್ಕೆ ದಾಂಡು ಬೀಸಿ ಬರಿಗೈಯಾದನು. ಮೊದಲ ವರ್ಲ್ಡ್ ಸೀರೀಸಿನ ತೆರೆಯು ಅವನ ಸೋಲಿನ ಮೇಲೆಯೇ ಬಿದ್ದಿತು.

ಆ ದುಃಖವು ಅವನೊಳಗೆ ಆಳವಾಗಿ ಇಳಿಯಿತು. ಮರುವರ್ಷದ ವಸಂತದಲ್ಲಿ, ದಾಂಡಿಗರಲ್ಲಿ ಅಗ್ರಗಣ್ಯರಾದವರ ಚಿತ್ರಶಾಲೆಯೊಂದಕ್ಕೆ ಭಾವಚಿತ್ರವನ್ನು ಕಳುಹಿಸುವಂತೆ ಕೋರಿಕೆ ಬಂದಾಗ ಅವನು ನಿರಾಕರಿಸಿದನು. ಹಿಂದಿನ ಶರತ್ಕಾಲದಲ್ಲಿ ತಾನು ಆಡಿದ ಆಟವು ಅಂಥ ಗೌರವಕ್ಕೆ ತಕ್ಕುದಲ್ಲವೆಂಬುದೇ ಅವನು ಕೊಟ್ಟ ಕಾರಣ. ಕಾಲಿನ ನೋವನ್ನಾಗಲಿ ಜೊತೆಗಾರರ ಅಸ್ವಸ್ಥತೆಯನ್ನಾಗಲಿ ಅವನು ಮುಂದೆ ಮಾಡಲಿಲ್ಲ. ಸುಮ್ಮನೆ ಆಟಕ್ಕೆ ಮರಳಿದನು. 1904, 1906, 1907, 1908, 1909, ಈ ಐದು ವರ್ಷಗಳಲ್ಲಿಯೂ ಅವನೇ ಲೀಗಿನ ಮೊದಲ ದಾಂಡಿಗ. 1905ರಲ್ಲಿ ಲೂಯಿವಿಲ್ಲಿನ ಹಿಲರಿಕ್ ಕಾರ್ಖಾನೆಯು ಅವನ ರುಜುವನ್ನು ದಾಂಡುಗಳ ಮೇಲೆ ಮುದ್ರಿಸಲು ಒಪ್ಪಂದ ಮಾಡಿಕೊಂಡಿತು. ಆಟಗಾರನೊಬ್ಬನ ಸಹಿಯನ್ನು ಹೊತ್ತ ದಾಂಡು ಮಾರುಕಟ್ಟೆಗೆ ಬಂದುದು ಅದೇ ಮೊದಲು.

1908ರ ಆರಂಭದಲ್ಲಿ ಅವನು ಆಟದಿಂದ ನಿವೃತ್ತನಾಗುವೆನೆಂದು ಪ್ರಕಟಿಸಿ ಮನೆಯಲ್ಲಿ ಕುಳಿತನು. ಡ್ರೈಫಸನು ಸಂಬಳವನ್ನು ಇಮ್ಮಡಿಗೊಳಿಸಿ ಹತ್ತು ಸಾವಿರ ಡಾಲರಿಗೆ ಏರಿಸಿದನು. ಅವನು ಮರಳಿ ಬಂದನು. ಮುವ್ವತ್ತನಾಲ್ಕರ ವಯಸ್ಸಿನಲ್ಲಿ ಆ ವರ್ಷ ಅವನು ಆಡಿದ ಆಟವನ್ನು ಬೇಸ್‌ಬಾಲ್ ಚರಿತ್ರೆಯ ಶ್ರೇಷ್ಠ ಋತುಗಳಲ್ಲಿ ಒಂದೆಂದು ಬಲ್ಲವರು ಎಣಿಸುತ್ತಾರೆ. ಚೆಂಡು ಮೆತ್ತಗಿದ್ದು ಓಟಗಳೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವನ ಲೆಕ್ಕ ಸಾವಿರಕ್ಕೆ 354. ಕದ್ದ ನೆಲೆಗಳು 53. ಆದರೂ ಪಿಟ್ಸ್‌ಬರ್ಗ್ ತಂಡವು ಒಂದೇ ಒಂದು ಪಂದ್ಯದ ಅಂತರದಿಂದ ಲೀಗಿನ ಅಗ್ರಸ್ಥಾನವನ್ನು ಕಳೆದುಕೊಂಡಿತು.

ಆ ಅಗ್ರಸ್ಥಾನವು ಮರುವರ್ಷ ಒಲಿಯಿತು. 1909ರಲ್ಲಿ 110 ಪಂದ್ಯಗಳನ್ನು ಗೆದ್ದು ಪೈರೇಟ್ಸ್ ತಂಡವು ಮತ್ತೆ ವರ್ಲ್ಡ್ ಸೀರೀಸಿಗೆ ಬಂದಿತು. ಈಗ ಎದುರಾಳಿ ಡೆಟ್ರಾಯಿಟ್; ಅದರ ಮುಂಚೂಣಿಯಲ್ಲಿದ್ದವನು ಇಪ್ಪತ್ತೆರಡರ ಹರೆಯದ ಟೈ ಕಾಬ್. ಕಾಬನು ಅಮೆರಿಕನ್ ಲೀಗಿನ ಮೊದಲ ದಾಂಡಿಗ, ಎದುರಿಗೆ ನಿಂತವರನ್ನು ಹೆದರಿಸುವ ಉಗ್ರ ಓಟಗಾರ. ನೆಲೆಯನ್ನು ಕದಿಯಲು ಬಂದ ಕಾಬನು ಮೊದಲೇ ಕೂಗಿ ಬೆದರಿಸಿದನೆಂದೂ ವ್ಯಾಗ್ನರನು ಚೆಂಡಿನಿಂದ ಅವನ ಬಾಯಿಗೇ ಬಡಿದನೆಂದೂ ಒಂದು ಕಥೆಯು ಬಹುಕಾಲ ಹಬ್ಬಿದ್ದಿತು. ಚರಿತ್ರಕಾರರು ಅದನ್ನು ಕಟ್ಟುಕಥೆಯೆಂದೇ ತಳ್ಳಿಹಾಕುತ್ತಾರೆ. ಕಥೆಯ ಸಹಾಯವು ವ್ಯಾಗ್ನರನಿಗೆ ಬೇಕಾಗಿಯೂ ಇಲ್ಲ, ಅಂಕಿಗಳೇ ಸಾಕು. ಏಳು ಪಂದ್ಯಗಳಲ್ಲಿ ವ್ಯಾಗ್ನರನು ಸಾವಿರಕ್ಕೆ 333ರಂತೆ ಹೊಡೆದು ಆರು ನೆಲೆಗಳನ್ನು ಕದ್ದನು. ಕಾಬನದು ಸಾವಿರಕ್ಕೆ 231, ಕದ್ದ ನೆಲೆಗಳು ಎರಡು. ಅಕ್ಟೋಬರ್ 16ರಂದು ಡೆಟ್ರಾಯಿಟಿನಲ್ಲಿ ನಡೆದ ಏಳನೆಯ ಪಂದ್ಯವನ್ನು ಪಿಟ್ಸ್‌ಬರ್ಗ್ ತಂಡವು ಎಂಟು ಓಟಗಳನ್ನು ಮಾಡಿ, ಎದುರಾಳಿಗೆ ಒಂದನ್ನೂ ಬಿಡದೆ ಗೆದ್ದುಕೊಂಡಿತು. ಆರು ವರ್ಷಗಳ ಹಿಂದೆ ಅಣಕದ ಹಾಡನ್ನು ಕೇಳಿ ಮೌನವಾಗಿ ಹಿಂದಿರುಗಿದವನಿಗೆ ಆಗ ಮುವ್ವತ್ತೈದು ವರ್ಷ. ಬೇರೆಯವನಾಗಿದ್ದರೆ ಮುಗಿದುಹೋಗುತ್ತಿದ್ದ ವಯಸ್ಸು ಅದು.

ಸುಮಾರಾಗಿ ಅದೇ ಕಾಲದಲ್ಲಿ ಇನ್ನೊಂದು ಪ್ರಸಂಗವು ನಡೆಯಿತು. ಅಮೆರಿಕನ್ ಟೊಬ್ಯಾಕೊ ಕಂಪನಿಯವರು ಆಟಗಾರರ ಚಿತ್ರಗಳಿರುವ ಚಿಕ್ಕ ಕಾರ್ಡುಗಳನ್ನು ಸಿಗರೇಟ್ ಪೊಟ್ಟಣಗಳಲ್ಲಿ ಇಟ್ಟು ಮಾರುತ್ತಿದ್ದರು. ವ್ಯಾಗ್ನರನ ಒಪ್ಪಿಗೆಯನ್ನು ಪಡೆದುಕೊಟ್ಟರೆ ಹತ್ತು ಡಾಲರುಗಳನ್ನು ಕೊಡುವುದಾಗಿ ಪಿಟ್ಸ್‌ಬರ್ಗಿನ ಪಂದ್ಯಗಳ ಲೆಕ್ಕ ಬರೆಯುತ್ತಿದ್ದ ಜಾನ್ ಗ್ರೂಬರನಿಗೆ ಕಂಪನಿಯವರು ಮಾತು ಕೊಟ್ಟಿದ್ದರು. ವ್ಯಾಗ್ನರನು ಒಪ್ಪಲಿಲ್ಲ. ಆದರೆ ತನ್ನ ನಿರಾಕರಣೆಯಿಂದ ಗ್ರೂಬರನಿಗೆ ನಷ್ಟವಾಗಬಾರದೆಂದು ಅಷ್ಟೇ ಮೊತ್ತದ ಚೆಕ್ಕನ್ನು ತಾನೇ ಬರೆದು ಕಳುಹಿಸಿದನು. ಸಿಗರೇಟಿನ ನೆಪದಲ್ಲಿ ಮಕ್ಕಳು ತನ್ನ ಚಿತ್ರವನ್ನು ಕೊಳ್ಳುವುದು ಅವನಿಗೆ ಸಲ್ಲದ ಮಾತಾಗಿತ್ತೆಂದು ಹಲವರು ಹೇಳುತ್ತಾರೆ. ಅವನೇ ಹೊಗೆಸೊಪ್ಪನ್ನು ಅಗಿಯುತ್ತಿದ್ದುದನ್ನು ನೆನಪಿಸಿ, ಕೊಡಬೇಕಾದ ಹಣವನ್ನು ಕೊಡದುದೇ ಕಾರಣವಿರಬಹುದೆನ್ನುವವರೂ ಉಂಟು. ಈ ವಿಚಾರದಲ್ಲಿ ಏಕಾಭಿಪ್ರಾಯವಿಲ್ಲ. ಇನ್ನೊಬ್ಬನಿಗಾದ ನಷ್ಟವನ್ನು ತನ್ನ ಕೈಯಿಂದ ತುಂಬಿಕೊಟ್ಟುದು ಮಾತ್ರ ಅವನ ಸ್ವಭಾವಕ್ಕೆ ಸಾಕ್ಷಿ. ಅಷ್ಟರಲ್ಲಿ ಅಚ್ಚಾಗಿ ಹೊರಬಿದ್ದಿದ್ದ ಕೆಲವೇ ಕಾರ್ಡುಗಳು ಲೋಕದಲ್ಲಿ ಉಳಿದುವು. ಇಂದು ತಿಳಿದಿರುವ ಮಟ್ಟಿಗೆ ಅವು ಅರವತ್ತರ ಆಸುಪಾಸು. ಅವುಗಳಲ್ಲೊಂದು 2022ರಲ್ಲಿ 72 ಲಕ್ಷ 50 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಬೇಡವೆಂದು ಅವನು ತಳ್ಳಿದ ಚಿತ್ರದ ಬೆಲೆ, ಅವನು ಜೀವಮಾನವಿಡೀ ಆಡಿ ಗಳಿಸಿದ ಹಣವನ್ನು ಎಷ್ಟೋ ಪಾಲು ಮೀರಿತು.

1911ರಲ್ಲಿ ಅವನು ಎಂಟನೆಯ ಮತ್ತು ಕೊನೆಯ ಬಾರಿಗೆ ಲೀಗಿನ ಮೊದಲ ದಾಂಡಿಗನಾದನು. 1914ರ ಜೂನ್ 9ರಂದು ಫಿಲಡೆಲ್ಫಿಯಾದಲ್ಲಿ ಅವನ ಮೂರು ಸಾವಿರದ ಹೊಡೆತವು ಫಲಿಸಿತು. ಅವನಿಗಿಂತ ಮುಂಚೆ ಆ ಸಂಖ್ಯೆಯನ್ನು ಮುಟ್ಟಿದ್ದವನು ಕ್ಯಾಪ್ ಆನ್ಸನ್ ಒಬ್ಬನೇ. 1916ರ ಡಿಸೆಂಬರಿನಲ್ಲಿ ಬೆಸ್ಸಿ ಸ್ಮಿತ್ ಎಂಬಾಕೆಯನ್ನು ವಿವಾಹವಾದನು. 1917ರಲ್ಲಿ ತಂಡವು ಸೋಲಿನ ಮೇಲೆ ಸೋಲನ್ನು ಕಾಣುತ್ತಿದ್ದಾಗ ವ್ಯವಸ್ಥಾಪಕನ ಹೊಣೆಯನ್ನು ಅವನಿಗೆ ವಹಿಸಿದರು. ಐದು ಪಂದ್ಯಗಳಲ್ಲಿ ಒಂದನ್ನು ಗೆದ್ದು ನಾಲ್ಕನ್ನು ಸೋತ ಮೇಲೆ, ಅದು ತನ್ನ ಕೆಲಸವಲ್ಲವೆಂದು ತಿಳಿದು ಹೊಣೆಯನ್ನು ಹಿಂದಿರುಗಿಸಿದನು. ಆ ಸೆಪ್ಟೆಂಬರಿನಲ್ಲಿ ಆಟದಿಂದಲೂ ನಿವೃತ್ತನಾದನು. ಇಪ್ಪತ್ತೊಂದು ಋತುಗಳಲ್ಲಿ ಅವನ ಫಲಿಸಿದ ಹೊಡೆತಗಳು 3,400ಕ್ಕೂ ಹೆಚ್ಚು. ಕದ್ದ ನೆಲೆಗಳು 700ಕ್ಕೂ ಹೆಚ್ಚು.

ಅವನ ಕಾಲದ ಆಟಕ್ಕೆ ಒಂದು ಕಳಂಕವಿದ್ದುದನ್ನು ಇಲ್ಲಿ ಹೇಳಲೇಬೇಕು. ಕಪ್ಪುಜನರಿಗೆ ಪ್ರಮುಖ ಲೀಗುಗಳ ಬಾಗಿಲು ಮುಚ್ಚಿದ್ದಿತು. ಅವರದೇ ತಂಡಗಳಲ್ಲಿ ಜಾನ್ ಹೆನ್ರಿ ಲಾಯ್ಡ್ ಎಂಬ ಅಸಾಧಾರಣ ಶಾರ್ಟ್‌ಸ್ಟಾಪ್ ಇದ್ದನು. ಅವನೂ ಮಣ್ಣಿನ ಸಮೇತ ಚೆಂಡನ್ನು ತೋಡಿ ಎತ್ತುತ್ತಿದ್ದುದರಿಂದ ಜನರು ಅವನನ್ನು ಕಪ್ಪು ವ್ಯಾಗ್ನರನೆಂದು ಕರೆದರು. ಲಾಯ್ಡನ ಆಟವನ್ನು ಕಂಡ ವ್ಯಾಗ್ನರನು, ತನ್ನ ಹೆಸರನ್ನು ಅಂಥವನಿಗೆ ಇಟ್ಟಿರುವುದು ತನಗೇ ಸಂದ ಗೌರವವೆಂದು ಭಾವಿಸಿದನು. ಆದರೆ ಆ ಇಬ್ಬರು ಒಂದೇ ಲೀಗಿನಲ್ಲಿ ಎದುರುಬದುರಾಗಿ ನಿಲ್ಲುವ ದಿನ ಬರಲಿಲ್ಲ. 1947ರಲ್ಲಿ ಜಾಕಿ ರಾಬಿನ್ಸನನು ಆ ಬಾಗಿಲನ್ನು ತೆರೆದಾಗ ಲಾಯ್ಡನಿಗೆ ಅರವತ್ತು ದಾಟಿದ್ದಿತು.

ನಿವೃತ್ತಿಯ ಅನಂತರದ ವರ್ಷಗಳು ವ್ಯಾಗ್ನರನಿಗೆ ಸುಲಭವಾಗಿರಲಿಲ್ಲ. ಪಿಟ್ಸ್‌ಬರ್ಗಿನ ಕಾರ್ನೆಗೀ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ವಿದ್ಯಾರ್ಥಿಗಳಿಗೆ ಆಟ ಕಲಿಸಿದನು. ಆಟದ ಸಾಮಾನುಗಳ ಅಂಗಡಿಯನ್ನು ನಡೆಸಿದನು; ಅದು ಕೈಹಿಡಿಯಲಿಲ್ಲ. 1929ರ ಅನಂತರದ ಆರ್ಥಿಕ ಮುಗ್ಗಟ್ಟು ಅವನನ್ನೂ ಬಿಡಲಿಲ್ಲ. ಪ್ರಸಿದ್ಧನಾದ ಆಟಗಾರನು ಮುಪ್ಪಿನಲ್ಲಿ ಮರೆತುಹೋಗುವುದು ಎಲ್ಲ ದೇಶಗಳಲ್ಲಿಯೂ ಕಾಣುವ ಸಂಗತಿ. ಆದರೆ 1933ರಲ್ಲಿ ಪೈರೇಟ್ಸ್ ತಂಡವು ತನ್ನ ಹಳೆಯ ಆಟಗಾರನನ್ನು ಶಿಕ್ಷಕನಾಗಿ ಮತ್ತೆ ಕರೆಯಿತು. ಐವತ್ತೊಂಬತ್ತರ ವಯಸ್ಸಿನಲ್ಲಿ ಅವನು ಮೈದಾನಕ್ಕೆ ಮರಳಿ 1951ರವರೆಗೆ ಅಲ್ಲಿಯೇ ಉಳಿದನು.

ಅಲ್ಲಿ ಅವನ ಕೈಗೆ ಒಪ್ಪಿಸಿದ ತರುಣನು ಆರ್ಕಿ ವಾನ್. 1932ರಲ್ಲಿ ತಂಡಕ್ಕೆ ಬಂದ ವಾನನು ದಾಂಡು ಹಿಡಿಯುವುದರಲ್ಲಿ ಸಮರ್ಥನಾದರೂ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಮೇಲಿಂದ ಮೇಲೆ ತಪ್ಪುಗಳನ್ನು ಮಾಡುತ್ತಿದ್ದನು. ಹೊಸ ಸ್ಥಾನದಲ್ಲಿ ತಪ್ಪು ಮಾಡುವುದರ ನೋವೇನೆಂಬುದನ್ನು 1903ರಲ್ಲಿ ಉಂಡಿದ್ದ ವ್ಯಾಗ್ನರನಿಗೆ ಶಿಷ್ಯನ ಮನಸ್ಸು ತಿಳಿಯದಿರಲಿಲ್ಲ. ಪರಸ್ಥಳದ ಪಂದ್ಯಗಳಿಗೆ ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿ ತಂಗುತ್ತಿದ್ದರು. ಕಾಲಿಡುವ ಬಗೆ, ಚೆಂಡಿನ ದಾರಿಯನ್ನು ಮೊದಲೇ ಊಹಿಸುವ ಬಗೆ, ಇವೆಲ್ಲವನ್ನೂ ಗುರುವು ತಾಳ್ಮೆಯಿಂದ ಕಲಿಸಿದನು. ಶಿಷ್ಯನ ಕೈಯಿಂದ ತಪ್ಪುಗಳು ಕಡಮೆಯಾಗುತ್ತ ಬಂದುವು. 1935ರಲ್ಲಿ ವಾನನು ಲೀಗಿನ ಮೊದಲ ದಾಂಡಿಗನೂ ಆದನು. ಅವನ ಲೆಕ್ಕ ಸಾವಿರಕ್ಕೆ 385. ಗುರುವಿನ ಅತ್ಯುಚ್ಚ ಸಂಖ್ಯೆಯಾದ 381ನ್ನು ಶಿಷ್ಯನು ಗುರುವಿನ ಕಣ್ಣೆದುರಿಗೇ ದಾಟಿದನು. ಎಲ್ಲರನ್ನೂ ಗೆಲ್ಲಬೇಕು, ಶಿಷ್ಯನಿಂದ ಮಾತ್ರ ಸೋಲಬೇಕೆಂದು ಬಯಸುವವನೇ ನಿಜವಾದ ಗುರುವೆಂಬುದು ಹಿರಿಯರ ಅಭಿಪ್ರಾಯ. ಅಂಥ ಸೋಲು ವ್ಯಾಗ್ನರನಿಗೆ ಲಭಿಸಿತು. 1903ರ ಸೋಲಿಗೆ ಜೀವನವು ಕೊಟ್ಟ ಪರಿಹಾರ ಇದೆನ್ನಬಹುದು.

1936ರಲ್ಲಿ ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಮೊದಲ ಬಾರಿಗೆ ಆಟಗಾರರನ್ನು ಆರಿಸಿದಾಗ ಐವರು ಮಾತ್ರ ಆಯ್ಕೆಯಾದರು. ಒಟ್ಟು 226 ಮತಗಳಲ್ಲಿ ಟೈ ಕಾಬನಿಗೆ 222, ಬೇಬ್ ರೂತನಿಗೂ ವ್ಯಾಗ್ನರನಿಗೂ ಸಮಸಮವಾಗಿ 215, ಕ್ರಿಸ್ಟಿ ಮ್ಯಾಥ್ಯೂಸನನಿಗೆ 205, ವಾಲ್ಟರ್ ಜಾನ್ಸನನಿಗೆ 189 ಬಂದುವು. 1939ರಲ್ಲಿ ಕೂಪರ್ಸ್‌ಟೌನ್ ಊರಿನಲ್ಲಿ ಮಂದಿರದ ಪ್ರಾರಂಭೋತ್ಸವವಾಯಿತು. ಒಂದು ಕಾಲಕ್ಕೆ ತಾನು ಅರ್ಹನಲ್ಲವೆಂದು ಭಾವಚಿತ್ರವನ್ನು ಕೊಡಲೊಪ್ಪದವನ ಮುಖವು ಅಲ್ಲಿ ಕಂಚಿನ ಫಲಕದಲ್ಲಿ ಮೂಡಿತು. ವಾನನೂ 1985ರಲ್ಲಿ ಅದೇ ಮಂದಿರಕ್ಕೆ ಸೇರಿದನು. ಅದಕ್ಕೆ ಮೊದಲೇ, 1977ರಲ್ಲಿ, ಲಾಯ್ಡನಿಗೂ ಆ ಮನ್ನಣೆ ಸಂದಿತ್ತು. ಮೂವರೂ ಶಾರ್ಟ್‌ಸ್ಟಾಪ್‌ಗಳು.

1955ರ ಏಪ್ರಿಲ್ 30ರಂದು ಪಿಟ್ಸ್‌ಬರ್ಗಿನ ಫೋರ್ಬ್ಸ್ ಕ್ರೀಡಾಂಗಣದ ಬಳಿಯ ಉದ್ಯಾನದಲ್ಲಿ ಶಿಲ್ಪಿ ಫ್ರ್ಯಾಂಕ್ ವಿಟ್ಟರನು ನಿರ್ಮಿಸಿದ ವ್ಯಾಗ್ನರನ ಪ್ರತಿಮೆಯು ಅನಾವರಣಗೊಂಡಿತು. ಎಂಬತ್ತೊಂದು ವರ್ಷದ ವೃದ್ಧನು ತೀರ ದುರ್ಬಲನಾಗಿದ್ದರೂ ಆ ಸಮಾರಂಭಕ್ಕೆ ಬಂದಿದ್ದನು. ಅದೇ ವರ್ಷದ ಡಿಸೆಂಬರ್ 6ರಂದು ಕಾರ್ನೆಗೀ ಊರಿನ ತನ್ನ ಮನೆಯಲ್ಲಿ ಕಣ್ಮುಚ್ಚಿದನು. ಹುಟ್ಟಿದ ಊರನ್ನು ಬಿಟ್ಟು ಅವನು ದೊಡ್ಡ ನಗರದಲ್ಲಿ ಮನೆ ಮಾಡಿದವನಲ್ಲ. ಪೈರೇಟ್ಸ್ ತಂಡವು ಕ್ರೀಡಾಂಗಣವನ್ನು ಬದಲಿಸಿದಾಗಲೆಲ್ಲ ಆ ಪ್ರತಿಮೆಯನ್ನೂ ಜೊತೆಯಲ್ಲಿ ಕೊಂಡೊಯ್ದಿತು. 2001ರಿಂದ ಅದು ತಂಡದ ಹೊಸ ಕ್ರೀಡಾಂಗಣದ ಬಾಗಿಲಿನಲ್ಲಿ ನಿಂತಿದೆ. ಆಟ ನೋಡಲು ಬರುವ ಮಕ್ಕಳು ಅದರ ಕೆಳಗೆ ಹಾದುಹೋಗುತ್ತಾರೆ. ಆ ಮಕ್ಕಳಲ್ಲಿ ಯಾರ ನೆಲೆ ಎಲ್ಲಿದೆಯೆಂಬುದನ್ನು ಇಂದೇ ಬಲ್ಲವರಾರು? ಹನ್ನೆರಡರ ವಯಸ್ಸಿನಲ್ಲಿ ಗಣಿಗೆ ಇಳಿದ ಹೋನಸನ ನೆಲೆಯನ್ನೂ ಅಂದು ಯಾರೂ ಬಲ್ಲವರಿರಲಿಲ್ಲ.